ನಗಿಸುವ ಮುಂಚೆ ಪಕ್ಕದ ಬೆಂಚು ನೋಡಿ

ಚಂದಕವಾಡಿ ಸುತ್ತಿನ ಮಕ್ಕಳೇ, ಶಾಲಾ ವಾರ್ಷಿಕೋತ್ಸವದಲ್ಲಿ, ಗಣೇಶನ ಪೆಂಡಾಲಿನಲ್ಲಿ, ಮೊಬೈಲಿನ ರೀಲ್ಸ್‌ನಲ್ಲಿ ನೀವು ಮಾಡುವ ನಗೆನಾಟಕಗಳನ್ನು ನೋಡುತ್ತಿರುತ್ತೇನೆ. ನಿಮ್ಮ ಚುರುಕು ಕಂಡು ಸಂತೋಷವೇ. ಆದರೆ ಕಾಡಿನ ಜನರ ದೃಶ್ಯ ಬಂದ ಕೂಡಲೇ ಮುಖಕ್ಕೆ ಮಸಿ, ಸೊಂಟಕ್ಕೆ ಸೊಪ್ಪು, ಬಾಯಲ್ಲಿ ಅರ್ಥವಿಲ್ಲದ ಕೂಗು. ಇದನ್ನು ನೀವು ಬಿಳಿಗಿರಿ ಬೆಟ್ಟದಲ್ಲಿ ಕಲಿಯಲಿಲ್ಲ, ಸಿನಿಮಾದಲ್ಲಿ ಕಲಿತಿರಿ. ಆ ಬೆಟ್ಟದ ಸೋಲಿಗರು ನಮ್ಮ ಜೊತೆ ಬಸ್ಸು ಹತ್ತುತ್ತಾರೆ, ಅವರ ಮಕ್ಕಳು ನಿಮ್ಮ ಜೊತೆ ಓದುತ್ತಾರೆ. ಅವರಲ್ಲಿ ಯಾರನ್ನು ಹಾಗೆ ಕಂಡಿದ್ದೀರಿ, ಹೇಳಿ.

1954ರ ‘ಬೇಡರ ಕಣ್ಣಪ್ಪ’ವನ್ನು ಒಮ್ಮೆ ಹುಡುಕಿ ನೋಡಿ. ನಮ್ಮ ಪಕ್ಕದ ಗಾಜನೂರಿನ ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ ಅದು. ಬೇಡನ ಪಾತ್ರಕ್ಕೆ ಅವರು ಕೊಟ್ಟ ಗೌರವ ನೋಡಿ. ನರಸಿಂಹರಾಜು ಅದರಲ್ಲಿ ಪೂಜಾರಿಯ ಮಗನಾಗಿ ನಗಿಸಿದರು. ಆ ಪೂಜಾರಿ ಮನೆಯ ಬೂಟಾಟಿಕೆಯಲ್ಲಿ ನಗು ಸಿಕ್ಕಿತು, ಕಾಡಿನವನ ಬಡತನವನ್ನು ಅದು ಮುಟ್ಟಲಿಲ್ಲ.

ನೀವು ಪೆದ್ದನೆಂದು ತೋರಿಸುವ ಆ ಸೋಲಿಗನಿಗೆ ಏನು ಗೊತ್ತಿತ್ತು, ಕೇಳಿ. ಬೇಸಿಗೆ ಏರುವ ಮುಂಚೆ ಒಣಗಿದ ಎಲೆಯನ್ನಷ್ಟೇ ಸುಡುವ ‘ತರಗು ಬೆಂಕಿ’ ಅವರ ಪದ್ಧತಿಯಾಗಿತ್ತು. 1974ರಲ್ಲಿ ಬೆಟ್ಟ ವನ್ಯಧಾಮವಾಯಿತು, ಆ ಬೆಂಕಿಗೂ ತಡೆ ಬಿತ್ತು. ಆಮೇಲೆ ಲಂಟಾನ ಕಳೆ ಕಾಡನ್ನೇ ಮುಚ್ಚಿತು. ಬೆಂಕಿ ನಿಂತದ್ದಕ್ಕೇ ಕಳೆ ಹಬ್ಬಿತೆಂದು ಸೋಲಿಗರು ಹೇಳುತ್ತಲೇ ಬಂದದ್ದನ್ನು ಸಂಶೋಧಕರು ತಡವಾಗಿ ಬರೆದುಕೊಂಡರು. 2011ರಲ್ಲಿ ಸೋಲಿಗರು ಅದೇ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯ ಅರಣ್ಯ ಹಕ್ಕು ಪಡೆದರು. ದೇಶದಲ್ಲಿ ಅದಕ್ಕೆ ಮುಂಚೆ ಹುಲಿ ಕಾಡಿನಲ್ಲಿ ಯಾರಿಗೂ ಅದು ಸಿಕ್ಕಿರಲಿಲ್ಲ.

ಕಾಡುಗಳ್ಳ ವೀರಪ್ಪನ್ ಕಾಲದ ಬಗ್ಗೆ ನಿಮ್ಮ ಅಪ್ಪ ಅಮ್ಮನನ್ನು ಕೇಳಿ. ಕಾಡಿನವರೆಂಬ ಒಂದೇ ಕಾರಣಕ್ಕೆ ಅನುಮಾನಕ್ಕೆ ಸಿಕ್ಕು, ಪೊಲೀಸರಿಂದ ಏಟು ತಿಂದವರಿದ್ದಾರೆ. ಗಡಿಯ ಎರಡೂ ಕಡೆ ಹಾಗೆ ನೊಂದ 89 ಮಂದಿಗೆ ಪರಿಹಾರ ಕೊಡಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2007ರಲ್ಲಿ ಹೇಳಿತು. ಜೋಕಿನಿಂದಲೇ ಅಷ್ಟೆಲ್ಲ ಆಯಿತೆಂದು ನಾನು ಹೇಳುತ್ತಿಲ್ಲ. ಒಂದು ಜನವನ್ನು ಅರೆಮನುಷ್ಯರಂತೆ ನೋಡಿ ನಕ್ಕು ಅಭ್ಯಾಸವಾದ ಊರಿಗೆ, ಅವರಿಗೆ ಏಟು ಬಿದ್ದಾಗ ಮರುಕ ಬೇಗ ಹುಟ್ಟುವುದಿಲ್ಲ. ನನ್ನ ಭಯ ಅದು.

ಸಾಬರ ಪಾತ್ರವೆಂದರೆ ‘ನಮ್ದುಕೆ ನಿಮ್ದುಕೆ’ ಅನ್ನಿಸುವುದೂ ಇದೇ ಚಾಳಿ. ನಮ್ಮ ಸಂತೆಯಲ್ಲಿ ನಮಗಿಂತ ಚೆನ್ನಾಗಿ ಕನ್ನಡ ಆಡುವ ಸಾಬರಿಲ್ಲವೇ? ನೀವೇ ಬೆಂಗಳೂರಿಗೆ ಹೋಗಿ ‘ಕನಾ’ ಅಂದಾಗ ಯಾರಾದರೂ ನಕ್ಕರೆ ಹೇಗಾಗುತ್ತದೆ, ಅಲ್ಲಿದ್ದು ಬಂದವರಿಗೆ ಗೊತ್ತು.

‘ಅವರೂ ನಗ್ತಾರಲ್ಲ’ ಎನ್ನಬೇಡಿ. ನೂರು ಜನ ನಗುವಾಗ ಪಕ್ಕದ ಬೆಂಚಿನ ಹುಡುಗ ಒಬ್ಬನೇ ಸುಮ್ಮನೆ ಕೂತರೆ ಎಲ್ಲರೂ ಅವನ ಕಡೆ ತಿರುಗುತ್ತಾರೆ. ಅದಕ್ಕೇ ಅವನೂ ನಗುತ್ತಾನೆ. ಅದು ಒಪ್ಪಿಗೆಯಲ್ಲ, ಮಕ್ಕಳೇ.

ನಗಿಸುವುದನ್ನು ಬಿಡಬೇಡಿ. ಲಂಚ ಕೇಳುವವರು, ಓಟಿಗೆ ಮಾತ್ರ ಬರುವವರು, ಜಾತಿ ಕೇಳಿ ಲೋಟ ಬೇರೆ ಇಡುವವರು, ಅವರನ್ನು ಹಿಡಿಯಿರಿ. ಈ ಸಲ ನಾಟಕ ಬರೆಯುವಾಗ ಸೋಲಿಗರ ಪೋಡಿನಿಂದ ಬರುವ ಗೆಳೆಯನನ್ನೂ ಜೊತೆಗೆ ಕೂರಿಸಿಕೊಳ್ಳಿ. ಪಾತ್ರ ಹಂಚುವಾಗ ಅವನಿಗೆ ಡಿ.ಸಿ. ಸಾಹೇಬರ ಪಾತ್ರ ಕೊಟ್ಟು ನೋಡಿ.