ಪುಟಾಣಿಗಳ ಫುಟ್ಸಾಲ್‌ಗೆ ಪಾಠಕ್ರಮ ಬರೆಯುವ ಮುನ್ನ

ಆರೇಳು ವರ್ಷದ ಮಕ್ಕಳಿಗೆ ಫುಟ್ಸಾಲ್ ಕಲಿಸಲು ಹೊರಟಿದ್ದೀರಾ? ಯಾರು ಎಲ್ಲಿ ನಿಲ್ಲಬೇಕು ಎಂಬ ನಕ್ಷೆಯನ್ನು ಸದ್ಯ ಬದಿಗಿಡಿ. ಆ ವಯಸ್ಸಿಗೆ ಬೇಕಿರುವುದು ಚೆಂಡಿನ ಸಲಿಗೆ.

1930ರಲ್ಲಿ ಉರುಗ್ವೆಯ ಮಾಂಟೆವಿಡಿಯೊದಲ್ಲಿ ಹುವಾನ್ ಕಾರ್ಲೋಸ್ ಸೆರಿಯಾನಿ ರೂಪಿಸಿದ ಈ ಆಟದ ಗುಣವೇ ಅದು. ತಂಡಕ್ಕೆ ಐದೇ ಜನ, ಅಂಗಳ ಚಿಕ್ಕದು, ಚೆಂಡಿನ ಪುಟಿತ ಕಡಿಮೆ. ಹಾಗಾಗಿ ಎಲ್ಲರ ಕಾಲಿಗೂ ಚೆಂಡು ಮತ್ತೆ ಮತ್ತೆ ಸಿಗುತ್ತದೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಸರದಿ ಕಾಯಿಸಿದರೆ ಈ ಲಾಭವೇ ಕೈತಪ್ಪುತ್ತದೆ.

ಮಗುವಿಗೊಂದು ಚೆಂಡು ಕೊಡಿ; ದೊಡ್ಡವರ ನಾಲ್ಕನೇ ಸೈಜಿನದಲ್ಲ, ಅದಕ್ಕಿಂತ ಚಿಕ್ಕದು, ಹಗುರವಾದದ್ದು. 45 ನಿಮಿಷದ ತರಗತಿಯಾದರೆ ಮೊದಲ ಹತ್ತು ನಿಮಿಷ ಚೆಂಡು ಉರುಳಿಸುತ್ತಲೇ ಮುಟ್ಟಾಟ. ಮುಂದಿನ ಹದಿನೈದು ನಿಮಿಷಕ್ಕೆ ಒಂದೇ ಕೌಶಲ: ಅಂಗಾಲಿನಲ್ಲಿ ಚೆಂಡು ತಡೆಯುವುದೋ, ಹಿಂದಕ್ಕೆಳೆದು ತಿರುಗುವುದೋ. ಎಡಗಾಲಿಗೂ ಸಮಪಾಲು ಸಿಗಲಿ. ಉಳಿದ ಇಪ್ಪತ್ತು ನಿಮಿಷ ಮೂವರಿಗೆ ಮೂವರು ಆಡಲಿ.

ಮೊದಲ ತಿಂಗಳು ಚೆಂಡಿನ ಹಿಡಿತ, ಎರಡನೆಯದರಲ್ಲಿ ಎದುರಾಳಿಯನ್ನು ದಾಟುವುದು, ಪಾಸ್ ಅದಾದ ಮೇಲೆ. ಚೆಂಡನ್ನು ನಾಲ್ಕು ಸೆಕೆಂಡಿನೊಳಗೆ ಆಟಕ್ಕೆ ತರಬೇಕೆಂಬ ನಿಯಮ ಸದ್ಯಕ್ಕೆ ಬೇಡ. ಗೋಲಿ ಸ್ಥಾನ ಎಲ್ಲರಿಗೂ ಸರದಿಯಂತೆ ಬರಲಿ. ಆಟ ಬಾರದವರಿಗೆ ಅದು ಶಿಕ್ಷೆಯಾಗದಿರಲಿ.

ಅಪ್ಪ–ಅಮ್ಮಂದಿರೇ, ಗೆರೆಯಾಚೆಯಿಂದ "ಪಾಸ್ ಕೊಡೋ" ಎಂದು ಕೂಗಬೇಡಿ. ಮನೆಗೆ ಬಂದಾಗ "ಎಷ್ಟು ಗೋಲು?" ಎನ್ನುವ ಬದಲು "ಇವತ್ತು ಏನು ಹೊಸದು ಕಲಿತೆ?" ಎಂದು ಕೇಳಿ.