ಮೀಟರು ಬದಲಿಸುವ ಮುನ್ನ ಪರೀಕ್ಷಿಸಿ

ಸಕಲೇಶಪುರ, ಆಲೂರಿನ ತೋಟಗಳಲ್ಲಿ ಹಳೆಯ ಜೀಪು, ಅಂಬಾಸಿಡರ್ ಇಟ್ಟುಕೊಂಡವರಿಗೆ ಒಂದು ಮಾತು. ಪೆಟ್ರೋಲ್ ಮುಳ್ಳು ಏಳಲಿಲ್ಲವೆಂದು ಮೀಟರನ್ನೇ ಬಿಸಾಡಬೇಡಿ. ಅಂಥದ್ದು ಮತ್ತೆ ಸಿಗುವುದು ಕಷ್ಟ. ನಮ್ಮ ಮಳೆ, ಥಂಡಿಗೆ ತುಕ್ಕು ಹಿಡಿದ ಅರ್ತ್, ಸವೆದ ವೈರು, ಟ್ಯಾಂಕಿನ ಫ್ಲೋಟ್ ಯೂನಿಟ್ ಇವುಗಳಲ್ಲೂ ದೋಷ ಇರಬಹುದು.

ಪರೀಕ್ಷಕವನ್ನು ಮನೆಯಲ್ಲೇ ಮಾಡಬಹುದು. 250 ಓಮ್, 5 ವ್ಯಾಟ್‌ನ ತಂತಿ ಸುತ್ತಿದ ಪೊಟೆನ್ಶಿಯೋಮೀಟರಿನ ನಡುವಿನ ಕಾಲಿಗೆ 22 ಓಮ್, 5 ವ್ಯಾಟ್‌ನ ರೆಸಿಸ್ಟರ್ ಬೆಸುಗೆ ಹಾಕಿ, ಅದರ ತುದಿಗೊಂದು ಮೊಸಳೆ ಕ್ಲಿಪ್ಪು ಜೋಡಿಸಿ. ಇನ್ನೊಂದು ಕ್ಲಿಪ್ಪು ಪಕ್ಕದ ಕಾಲಿಗೆ.

ಟ್ಯಾಂಕಿನಿಂದ ಬರುವ ವೈರನ್ನು ಮೀಟರಿನ ಹಿಂದೆ ಕಳಚಿ, ಮೀಟರಿನ ಆ ಟರ್ಮಿನಲ್ಲಿಗೂ ಬಾಡಿಗೂ ನಡುವೆ ಪರೀಕ್ಷಕ ಸಿಕ್ಕಿಸಿ, ಕೀ ಆನ್ ಮಾಡಿ. ನಾಬ್ ತಿರುಗಿಸಿ ಅರ್ಧ ನಿಮಿಷ ಕಾಯಿರಿ. ಬೈಮೆಟಲ್ ಮೀಟರಿನ ಮುಳ್ಳು ನಿಧಾನ. ಮುಳ್ಳು ಸರಿದಾಡಿದರೆ ಮೀಟರು ಬದುಕಿದೆ, ವೈರು ಮತ್ತು ಫ್ಲೋಟ್ ಯೂನಿಟ್ ನೋಡಿ. ಪೆಟ್ರೋಲ್, ಟೆಂಪರೇಚರ್ ಎರಡೂ ಒಟ್ಟಿಗೆ ತಪ್ಪಿದರೆ, ಡ್ಯಾಶ್‌ಬೋರ್ಡಿನ ವೋಲ್ಟೇಜ್ ಸ್ಟೆಬಿಲೈಜರನ್ನು ಪರೀಕ್ಷಿಸಿ.

ಮೀಟರಿಗೆ ಸೇರಿದ ವೈರನ್ನು ನೇರವಾಗಿ ಬಾಡಿಗೆ ಮುಟ್ಟಿಸಬೇಡಿ, ಮೀಟರು ಸುಟ್ಟೀತು. ತೆರೆದ ಟ್ಯಾಂಕಿನ ಬಳಿ ಕಿಡಿ ಹಾರುವ ಯಾವ ಕೆಲಸವೂ ಬೇಡ. ಆಂಪಿಯರ್ ಮೀಟರಿಗೆ, ನಳಿಗೆಯಲ್ಲಿ ಎಣ್ಣೆ ಬರುವ ಆಯಿಲ್ ಮೀಟರಿಗೆ ಈ ಪರೀಕ್ಷೆ ಸಲ್ಲದು.

ಶಿರಾಡಿ ಘಾಟಿ ಹತ್ತುವಾಗ ಎಂಜಿನ್ ಕಾಯುತ್ತಿರುವುದನ್ನು ಮೊದಲು ಹೇಳಬೇಕಾದದ್ದು ಟೆಂಪರೇಚರ್ ಮುಳ್ಳು. ಅದು ವೈರಿನ ಮೀಟರಾದರೆ, ಮಳೆಗಾಲಕ್ಕೆ ಮುಂಚೆಯೇ ಅದನ್ನೂ ಹೀಗೇ ಪರೀಕ್ಷಿಸಿಟ್ಟುಕೊಳ್ಳಿ.