ವಾರ್ಷಿಕ ದಾಸೋಹ ಸಂಕಲ್ಪ: ಒಂದು ಚಿಂತನ



ಹಿಂಗಾರಿ ರಾಶಿ ಮುಗಿದು ಜೋಳ ಮನೆ ಸೇರಿದೆ. ಯುಗಾದಿ ಸಮೀಪಿಸಿದೆ. ಅದರ ಬೆನ್ನಿಗೇ ಅಕ್ಷಯ ತದಿಗೆಯ ಬಸವ ಜಯಂತಿ. ಪ್ರತಿ ವರ್ಷ ಈ ದಿನಗಳಲ್ಲಿ ಮಠದಿಂದ ನಿಮ್ಮ ಮನೆಗೆ ಒಂದು ಸಂಕಲ್ಪ ಪತ್ರ ಬರುತ್ತದೆ. ಕೆಲವರು ತುಂಬಿ ಕಳಿಸುತ್ತಾರೆ. ಕೆಲವರು "ಮಠಕ್ಕ ಕೊಡೂದು ಇದ್ದೇ ಐತಿ, ಅದಕ್ಕ ಕಾಗದ ಯಾಕ್ರಿ?" ಎಂದು ಗೋಡೆಯ ಗೂಡಿನಲ್ಲಿ ಇಟ್ಟುಬಿಡುತ್ತಾರೆ. ಕೇಳುವವರು ಕೊಡಲಾರದವರಲ್ಲ, ಕೊಡುತ್ತಲೇ ಬಂದವರು. ಆದ್ದರಿಂದ ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಈ ಸಂಚಿಕೆಯ ಪಾಠದಲ್ಲಿ ಅದಕ್ಕೇ ಉತ್ತರ ಹುಡುಕೋಣ.

ನಡೆದ ಒಂದು ಸಂಗತಿ

ಕೆಲವು ವರ್ಷಗಳ ಹಿಂದಿನ ಮಾತು. ಜೂನ್ ತಿಂಗಳ ಒಂದು ಸಂಜೆ ಜತ್ತ ತಾಲ್ಲೂಕಿನ ಕಡೆಯಿಂದ ಒಬ್ಬ ತಂದೆ ಮಗನನ್ನು ಕರೆದುಕೊಂಡು ಮಠಕ್ಕೆ ಬಂದರು. ಹುಡುಗ ಊರಿನ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದ್ದ. ಮುಂದೆ ಓದಲು ಊರಲ್ಲಿ ಅನುಕೂಲವಿರಲಿಲ್ಲ. ಪ್ರಸಾದ ನಿಲಯದಲ್ಲಿ ಜಾಗ ಕೊಟ್ಟರೆ ಇಲ್ಲಿಂದಲೇ ಹೈಸ್ಕೂಲಿಗೆ ಹೋಗುತ್ತಾನೆ ಎಂಬುದು ಅವರ ಆಸೆ.

ನಾವು ಖತಾವಣಿ ತೆಗೆದು ನೋಡಿದೆವು. ಕಣಜದಲ್ಲಿದ್ದ ಧಾನ್ಯ, ಬ್ಯಾಂಕಿನಲ್ಲಿದ್ದ ಹಣ, ಸಂಕಲ್ಪ ಪತ್ರಗಳಲ್ಲಿ ಬಂದ ಭರವಸೆ, ಈ ಮೂರನ್ನೂ ಕೂಡಿಸಿದರೂ ಆಗಲೇ ಸೇರಿಸಿಕೊಂಡ ಮಕ್ಕಳಿಗೇ ಬಿಗಿಯಾಗುತ್ತಿತ್ತು. "ಈ ವರ್ಷ ಆಗಲಿಕ್ಕಿಲ್ಲ" ಎಂದೆವು. ತಂದೆ ವಾದ ಮಾಡಲಿಲ್ಲ. "ಮುಂದಿನ ವರ್ಷರ ನೋಡ್ರಿ" ಎಂದು ಹೇಳಿ, ಪ್ರಸಾದ ಸ್ವೀಕರಿಸಿ, ಕಡೆಯ ಬಸ್ಸಿಗೆ ಹೊರಟುಹೋದರು.

ಶ್ರಾವಣ ಬಂತು. ಒಂದೇ ತಿಂಗಳಲ್ಲಿ ಚೀಲದ ಮೇಲೆ ಚೀಲ ಜೋಳ, ಗೋದಿ, ಅಕ್ಕಿ ಬಂದು ಬಿದ್ದವು. ಇಡಲು ಜಾಗ ಸಾಲದೆ ಪಡಸಾಲೆಯಲ್ಲಿ ಒಟ್ಟಿದೆವು. ಕಾರ್ತಿಕದ ಹೊತ್ತಿಗೆ ಅದರಲ್ಲಿ ಕೆಲವು ಚೀಲಗಳಿಗೆ ಹುಳು ಬಿದ್ದು ದನಗಳ ಪಾಲಾಯಿತು. ಮರುವರ್ಷ ಆ ಹುಡುಗನಿಗಾಗಿ ಹೇಳಿ ಕಳಿಸಿದೆವು. ಅವನು ತಂದೆ-ತಾಯಿಯ ಜೊತೆ ಕಬ್ಬು ಕಡಿಯುವ ತಂಡದಲ್ಲಿ ಹೋಗಿದ್ದ. ಶಾಲೆ ಬಿಟ್ಟಿತ್ತು.

ಆ ವರ್ಷ ಭಕ್ತರು ಕಡಿಮೆ ಕೊಟ್ಟರೆಂದಲ್ಲ, ಸಾಕಷ್ಟು ಕೊಟ್ಟಿದ್ದರು. ಆದರೆ ಎಷ್ಟು ಬರುತ್ತದೆಂಬುದು ಜೂನ್ ತಿಂಗಳಲ್ಲಿ ನಮಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳುವ ಪ್ರಯತ್ನವನ್ನೂ ನಾವು ಸರಿಯಾಗಿ ಮಾಡಿರಲಿಲ್ಲ. ತಪ್ಪು ನಮ್ಮದು. ಸಂಕಲ್ಪ ಪತ್ರದ ಕಾಗದ ಯಾಕೆ ಎಂದು ಕೇಳಿದವರಿಗೆ ನಮ್ಮ ಮೊದಲ ಉತ್ತರ ಆ ಹುಡುಗನೇ.

ದಾಸೋಹ ಮತ್ತು ದಾನ

ದಾನ ಕೊಡುವವನ ಕೈ ಮೇಲಿರುತ್ತದೆ, ತೆಗೆದುಕೊಳ್ಳುವವನ ಕೈ ಕೆಳಗಿರುತ್ತದೆ. ಶರಣರು ಈ ಮೇಲು-ಕೆಳಗನ್ನು ಒಪ್ಪಲಿಲ್ಲ. 'ದಾಸೋಹಂ' ಎಂದರೆ ನಾನು ದಾಸನಾಗಿದ್ದೇನೆ ಎಂದರ್ಥ. ಕೊಡುವಾಗಲೂ ನಾನು ಸೇವಕನೇ. ಕೊಟ್ಟದ್ದು ನನ್ನದಲ್ಲ, ಸಮಾಜದ್ದು. ಅದು ನನ್ನ ಕೈ ಹಾಯ್ದು ಸಮಾಜಕ್ಕೆ ಮರಳಿತು, ಅಷ್ಟೆ. ಆದ್ದರಿಂದಲೇ ದಾಸೋಹಕ್ಕೆ ಮುಂಚೆ ಕಾಯಕ ಬರುತ್ತದೆ. ಸತ್ಯಶುದ್ಧ ಕಾಯಕದಿಂದ ಬಂದದ್ದು ಮಾತ್ರ ದಾಸೋಹಕ್ಕೆ ಸಲ್ಲುತ್ತದೆ.

ವ್ಯಾಪಾರಿ ಬಂಧುಗಳು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಹಿಂದೆ ಅಡತಿ ಅಂಗಡಿಗಳಲ್ಲಿ ರೈತನ ಪಟ್ಟಿಯಿಂದ ಧರ್ಮಾದಾಯವೆಂದು ಒಂದಿಷ್ಟು ಕಡಿಯುವ ರೂಢಿ ಇತ್ತು. ಆ ಹಣ ಗುಡಿಗೋ ಮಠಕ್ಕೋ ಹೋಗುತ್ತಿತ್ತು, ಹೆಸರು ಮಾತ್ರ ಅಂಗಡಿಯವರಿಗೆ ಬರುತ್ತಿತ್ತು. ಲೆಕ್ಕದ ದೃಷ್ಟಿಯಿಂದ ನೋಡಿದರೆ ಅದು ರೈತನ ದಾಸೋಹವೇ ಹೊರತು ಅಂಗಡಿಯವರದಲ್ಲ. ನಮ್ಮ ಸ್ವಂತ ಗಳಿಕೆಯ ಖಾತೆಗೆ ಖರ್ಚು ಬಿದ್ದಾಗಲೇ ಅದು ನಮ್ಮ ದಾಸೋಹವಾಗುತ್ತದೆ.

ಲಕ್ಕಮ್ಮನ ಅಳತೆ

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆ ನಮ್ಮೆಲ್ಲರಿಗೂ ಗೊತ್ತಿದೆ. ರಾಯಚೂರು ಜಿಲ್ಲೆಯ ಅಮರೇಶ್ವರದ ಕಡೆಯಿಂದ ಕಲ್ಯಾಣಕ್ಕೆ ಬಂದ ಇವರ ಕಾಯಕ, ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮ ಸಂತೋಷಪಡಲಿಲ್ಲ. ನಮಗೆ ಬೇಕಾದಷ್ಟಕ್ಕಿಂತ ಹೆಚ್ಚಾದದ್ದು ಆಸೆಯ ಅಕ್ಕಿ, ಅದನ್ನು ತೆಗೆದುಕೊಂಡ ಕಡೆಯೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದರು. ಉಳಿದ ಅಷ್ಟೇ ಅಕ್ಕಿಯಲ್ಲಿ ಬಸವಣ್ಣನವರೊಡನೆ ಶರಣ ಸಮೂಹಕ್ಕೆಲ್ಲ ದಾಸೋಹ ನಡೆಸಿದರೆಂದು ಪರಂಪರೆ ಹೇಳುತ್ತದೆ.

ಈ ಕಥೆಯಲ್ಲಿ ಎರಡು ಪಾಠಗಳಿವೆ. ಮೊದಲನೆಯದು, ಬಡವರಿಗೂ ದಾಸೋಹದ ಹಕ್ಕಿದೆ. ಅಂದಿನ ಆಯ್ದ ಅಕ್ಕಿಯೇ ಅಂದಿನ ಊಟವಾಗಿದ್ದ ಮನೆಯವರು ಎಲ್ಲರನ್ನೂ ಪ್ರಸಾದಕ್ಕೆ ಕರೆದರು. ಎರಡನೆಯದು, ಲಕ್ಕಮ್ಮ ಅಳತೆ ಬಲ್ಲವರಾಗಿದ್ದರು. ದಿನಕ್ಕೆ ಎಷ್ಟು ಬೇಕು ಎಂಬುದು ಅವರಿಗೆ ಖಚಿತವಾಗಿ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಹೆಚ್ಚಾದದ್ದು ಕಣ್ಣಿಗೆ ಬಿತ್ತು. ಸಂಕಲ್ಪ ಪತ್ರ ನಮ್ಮಿಂದ ಕೇಳುವುದೂ ಇದನ್ನೇ. ಮನೆಗೆ ಎಷ್ಟು ಬೇಕು, ಬೀಜ-ಗೊಬ್ಬರಕ್ಕೆ ಎಷ್ಟು, ಸಾಲದ ಕಂತಿಗೆ ಎಷ್ಟು ಎಂದು ಗಂಡ-ಹೆಂಡತಿ ಕೂಡಿ ಕುಳಿತು ಅಳೆದು, ಉಳಿದದ್ದರಲ್ಲಿ ಸಮಾಜದ ಪಾಲು ಇಷ್ಟೆಂದು ಗೊತ್ತುಮಾಡುವುದು.

ಸೊನ್ನಲಿಗೆಯ ಕೆರೆ

ಹಣ-ಧಾನ್ಯವಷ್ಟೇ ದಾಸೋಹವಲ್ಲ. ಇದಕ್ಕೆ ಸಾಕ್ಷಿ ನಮ್ಮ ಸೊಲ್ಲಾಪುರದಲ್ಲಿಯೇ ಇದೆ. ಅಂದಿನ ಸೊನ್ನಲಿಗೆಯಲ್ಲಿ ಶಿವಯೋಗಿ ಸಿದ್ಧರಾಮೇಶ್ವರರು ಅರವತ್ತೆಂಟು ಲಿಂಗಗಳನ್ನು ಸ್ಥಾಪಿಸಿದರು, ಕೆರೆ ಕಟ್ಟಿಸಿದರು. ಕೆರೆಯ ಮಣ್ಣು ತಾನಾಗಿ ಮೇಲೆ ಬರಲಿಲ್ಲ. ಅಗೆಯುವ ಕೈಗಳು, ಬುಟ್ಟಿ ಹೊರುವ ತಲೆಗಳು ದಿನವೂ ಬರಬೇಕಾಯಿತು. ಒಂದು ದಿನ ನೂರು ಜನ ಬಂದು ಮುಂದಿನ ಹತ್ತು ದಿನ ಯಾರೂ ಬಾರದಿದ್ದರೆ ಕೆರೆಯ ಏರಿ ಏಳುವುದಿಲ್ಲ.

ಇಂದಿಗೂ ಸಂಕ್ರಾಂತಿಯ ಗಡ್ಡೆ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಹೊರಡುವುದನ್ನು ನಾವೆಲ್ಲ ನೋಡಿದ್ದೇವೆ. ಆ ಎತ್ತರದ ಭಾರದ ಕೋಲನ್ನು ಹೊರುವವರು ಜಾತ್ರೆಯ ದಿನ ಬೆಳಿಗ್ಗೆ ಎದ್ದು ಬಂದವರಲ್ಲ. ಮುಂಚಿನಿಂದಲೇ ಅಭ್ಯಾಸ ಮಾಡಿದವರು, ತಮ್ಮ ಸರದಿ ಯಾವಾಗ ಎಂದು ತಿಳಿದವರು. ಮಠದ ಸೇವೆಯೂ ಹಾಗೆಯೇ ಇರಬೇಕು. ಜಾತ್ರೆಯ ದಿನ ಪಾತ್ರೆ ತೊಳೆಯಲು ಐವತ್ತು ಜನ ನಿಲ್ಲುತ್ತಾರೆ, ಸಂತೋಷ. ಆದರೆ ಪರೀಕ್ಷೆಯ ತಿಂಗಳಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡಲು, ಬಾವಿಯ ಮೋಟಾರು ಕೆಟ್ಟಾಗ ಬಿಚ್ಚಿ ನೋಡಲು, ಜ್ವರ ಬಂದ ಹುಡುಗನನ್ನು ರಾತ್ರಿ ದವಾಖಾನೆಗೆ ಒಯ್ಯಲು ಒಬ್ಬರು ಸಾಕು. ಆ ಒಬ್ಬರು ಯಾರೆಂದು ಮುಂಚೆಯೇ ಗೊತ್ತಿರಬೇಕು.

ಒಂದು ಹಿಡಿಯ ಲೆಕ್ಕ

ನಾವು ಕಾಮರ್ಸ್ ಓದಿದವರು. ಲೆಕ್ಕ ಹಾಕದೆ ಮಾತು ಮುಗಿಸುವ ಅಭ್ಯಾಸವಿಲ್ಲ. ಒಂದು ಹಿಡಿ ಜೋಳ ಸುಮಾರು 50 ಗ್ರಾಂ ಎಂದು ಹಿಡಿಯಿರಿ. ರೊಟ್ಟಿಗೆ ಹಿಟ್ಟು ಬೀಸಲು ಜೋಳ ತೆಗೆಯುವಾಗ ತಾಯಂದಿರು ದಿನಕ್ಕೊಂದು ಹಿಡಿ ಬೇರೆ ಗಡಿಗೆಯಲ್ಲಿ ಹಾಕಿದರೆ 365 ದಿನಕ್ಕೆ 18 ಕಿಲೋ ಆಗುತ್ತದೆ. ನೂರು ಮನೆಗಳಿಂದ 18 ಕ್ವಿಂಟಲ್. ಒಬ್ಬ ವಿದ್ಯಾರ್ಥಿಗೆ ದಿನಕ್ಕೆ 400 ಗ್ರಾಂ ಧಾನ್ಯವೆಂದರೆ ಶಾಲೆಯ 300 ದಿನಗಳಿಗೆ 120 ಕಿಲೋ ಬೇಕು. ಅಂದರೆ ನೂರು ಮನೆಗಳ ಹಿಡಿ ಜೋಳ ಹದಿನೈದು ಮಕ್ಕಳ ವರ್ಷದ ಅನ್ನ. ಇದರಲ್ಲಿ ಯಾರ ಮನೆಯ ರೊಟ್ಟಿಯೂ ಕಡಿಮೆಯಾಗುವುದಿಲ್ಲ.

ಆದರೆ ಈ ಲೆಕ್ಕ ನಿಲ್ಲುವುದು ಒಂದೇ ಒಂದು ಆಧಾರದ ಮೇಲೆ: ನೂರು ಮನೆಯವರು ಹೇಳಿರಬೇಕು. ಹೇಳಿದ 18 ಕಿಲೋ, ಹೇಳದೆ ಬಂದ ಎರಡು ಕ್ವಿಂಟಲಿಗಿಂತ ನಮಗೆ ಹೆಚ್ಚು ಉಪಯೋಗದ್ದು. ಯಾಕೆಂದರೆ ಹೇಳಿದ ಧಾನ್ಯದ ಭರವಸೆಯ ಮೇಲೆ ಜೂನ್ ತಿಂಗಳಲ್ಲಿ ಒಂದು ಮಗುವಿಗೆ 'ಬಾ' ಎನ್ನಬಹುದು.

ಗಡಿನಾಡಿನವರಿಗೆ ಇದು ಇನ್ನೂ ಮುಖ್ಯ

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಸೊಲ್ಲಾಪುರ, ಅಕ್ಕಲಕೋಟ, ಜತ್ತದ ನಮ್ಮ ಊರುಗಳು ಮುಂಬೈ ರಾಜ್ಯದಲ್ಲಿಯೇ ಉಳಿದವು. 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿದವು. ನಾವು ಮರಾಠಿ ಬಂಧುಗಳೊಂದಿಗೆ ಅಣ್ಣ-ತಮ್ಮಂದಿರಂತೆ ಬಾಳುತ್ತಿದ್ದೇವೆ, ಅದರಲ್ಲಿ ಕೊರತೆಯಿಲ್ಲ. ಆದರೆ ಮನೆಯಲ್ಲಿ ಕನ್ನಡ ಆಡುವ ಮಗು ವಚನಗಳನ್ನು ತಾನೇ ಓದಬೇಕಾದರೆ ಕನ್ನಡ ಅಕ್ಷರ ಬರಬೇಕು. ಆ ಹೊಣೆಯನ್ನು ಯಾವ ಸರಕಾರವೂ ಪೂರ್ತಿಯಾಗಿ ಹೊರಲಾರದು.

ನಿಜಾಮರ ಆಳ್ವಿಕೆಯಲ್ಲಿ ಬೀದರ ಸೀಮೆಯಲ್ಲಿ ಭಾಲ್ಕಿಯ ಪೂಜ್ಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರೆಂಬುದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಆ ಮಕ್ಕಳ ಅನ್ನ ಎಲ್ಲಿಂದ ಬಂತು? ಭಕ್ತರು ಮಠದ ಜೋಳಿಗೆಗೆ ಹಾಕಿದ ಕಾಳಿನಿಂದ. ಅಂದಿನ ಕಷ್ಟದ ಮುಂದೆ ನಮ್ಮ ಇಂದಿನ ಕಷ್ಟ ಏನೂ ಅಲ್ಲ.

ಪತ್ರ ತುಂಬುವ ಬಗೆ

ಪತ್ರದಲ್ಲಿ ಮೂರು ಅಂಕಣಗಳಿವೆ: ಧಾನ್ಯ, ಹಣ, ದಿನ. ಮೂರನ್ನೂ ತುಂಬಲೇಬೇಕೆಂದಿಲ್ಲ.

1. ಧಾನ್ಯ: ಏನು, ಎಷ್ಟು ಎಂಬುದರ ಜೊತೆಗೆ ಯಾವ ತಿಂಗಳು ಎಂದೂ ಬರೆಯಿರಿ. ಎಲ್ಲರೂ ಶ್ರಾವಣವೆಂದು ಬರೆದರೆ ಹುಳುವಿಗೆ ಹಬ್ಬ.

2. ಹಣ: ವರ್ಷಕ್ಕೊಮ್ಮೆ ಆಗದಿದ್ದರೆ ತಿಂಗಳಿಗಿಷ್ಟು ಎಂದು ಬರೆಯಿರಿ. ವ್ಯಾಪಾರಿಗಳು ದೀಪಾವಳಿಯ ಪಾಡ್ಯದಂದು ಹೊಸ ವಹಿ ತೆರೆಯುವಾಗ ಒಂದು ಪುಟವನ್ನು ದಾಸೋಹದ ಖಾತೆಗೆ ಮೀಸಲಿಟ್ಟರೆ ಸುಲಭ. ದೊಡ್ಡ ಮೊತ್ತವನ್ನು ಚೆಕ್ಕಿನಿಂದ ಅಥವಾ ಬ್ಯಾಂಕಿನ ಮೂಲಕವೇ ಕೊಡಿ.

3. ದಿನ: ವರ್ಷದಲ್ಲಿ ಎಷ್ಟು ದಿನ, ಯಾವ ಕೆಲಸ. ಒಂದು ದಿನದ ಟ್ರ್ಯಾಕ್ಟರ್, ನಾಲ್ಕು ಸಂಜೆಯ ಪಾಠ, ಅಮಾವಾಸ್ಯೆಯ ಅಡಿಗೆ, ಯಾವುದೂ ಚಿಕ್ಕದಲ್ಲ.

ಸಂಕಲ್ಪ ಸಾಲವಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬಯಸುತ್ತೇವೆ. ಮಳೆ ಕೈಕೊಟ್ಟರೆ, ದಾಳಿಂಬೆಗೆ ರೋಗ ಬಿದ್ದರೆ, ಅಂಗಡಿ ನಷ್ಟಕ್ಕೆ ಬಿದ್ದರೆ ಒಂದು ಮಾತು ತಿಳಿಸಿ. ಆ ಅಂಕಣಕ್ಕೆ ಗೆರೆ ಎಳೆಯುತ್ತೇವೆ, ಮರುಮಾತಿಲ್ಲ. ಸಾಲ ಮಾಡಿ ಮಠಕ್ಕೆ ಕೊಡುವುದನ್ನು ಲಕ್ಕಮ್ಮ ಒಪ್ಪುತ್ತಿರಲಿಲ್ಲ, ನಾವೂ ಒಪ್ಪುವುದಿಲ್ಲ.

ಮಠದ ಹೊಣೆ

ಬಸವಣ್ಣನವರು ಮೊದಲು ಕರಣಿಕರಾಗಿ ಕೆಲಸ ಮಾಡಿದ್ದು ಮಂಗಳವೇಢೆಯಲ್ಲಿ. ಅದು ಇಂದು ನಮ್ಮ ಸೊಲ್ಲಾಪುರ ಜಿಲ್ಲೆಯಲ್ಲಿಯೇ ಇದೆ. ಮುಂದೆ ಅವರು ಬಿಜ್ಜಳನ ಭಂಡಾರಿಗಳಾದರು. ಬೇರೆಯವರ ಹಣದ ಲೆಕ್ಕವನ್ನು ಶುದ್ಧವಾಗಿಡುವುದೂ ಒಂದು ಕಾಯಕವೆಂದು ತೋರಿಸಿದ ಗುರುವಿನ ಮಕ್ಕಳು ನಾವು. ಆದ್ದರಿಂದ ಕೊಟ್ಟ ಪ್ರತಿಯೊಂದಕ್ಕೂ, ಅದು ಒಂದು ಸೇರು ಜೋಳವಾಗಲಿ, ಪಾವತಿ ಕೇಳಿ ಪಡೆಯಿರಿ. ವರ್ಷದ ಜಮಾ-ಖರ್ಚನ್ನು ಬಸವ ಜಯಂತಿಯಂದು ಪಡಸಾಲೆಯಲ್ಲಿ ಇಡುತ್ತೇವೆ. ಕೀರ್ದಿ ಯಾರು ಬೇಕಾದರೂ ತೆರೆದು ನೋಡಬಹುದು.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಹಿಂದೆ ಜಾತ್ರೆಯ ವೇದಿಕೆಯಲ್ಲಿ ದಾಸೋಹಿಗಳ ಹೆಸರನ್ನು ಮೊತ್ತದೊಡನೆ, ದೊಡ್ಡದರಿಂದ ಚಿಕ್ಕದಕ್ಕೆ ಓದುತ್ತಿದ್ದೆವು. ಪ್ರತಿ ಅಮಾವಾಸ್ಯೆಗೆ ಸೆರಗಿನಲ್ಲಿ ಜೋಳ ಕಟ್ಟಿಕೊಂಡು ಬರುತ್ತಿದ್ದ ಒಬ್ಬ ಅಜ್ಜಿ ಒಂದು ಜಾತ್ರೆಯ ನಂತರ ಬರುವುದನ್ನೇ ಬಿಟ್ಟರು. ಮನೆಗೆ ಹೋಗಿ ಕೇಳಿದೆವು. "ನಂದು ಓದೂವಂಥಾದ್ದಲ್ಲ ಬಿಡಪ್ಪಾ" ಎಂದರು. ಅಂದಿನಿಂದ ಮೊತ್ತ ಓದುವುದನ್ನು ನಿಲ್ಲಿಸಿದ್ದೇವೆ. ಈಗ ಹೆಸರುಗಳನ್ನು ಊರಿನ ಪ್ರಕಾರ, ಅಕ್ಷರದ ಕ್ರಮದಲ್ಲಿ ಮಾತ್ರ ಓದುತ್ತೇವೆ. ಅಜ್ಜಿ ಮತ್ತೆ ಬರತೊಡಗಿದರು.

ಶರಣ ಸಂಗಮದಲ್ಲಿ ಚರ್ಚಿಸಲು

1. ದಾನಕ್ಕೂ ದಾಸೋಹಕ್ಕೂ ಇರುವ ಭೇದವನ್ನು ನಿಮ್ಮ ಊರಿನ ಒಂದು ಉದಾಹರಣೆಯಿಂದ ತಿಳಿಸಿರಿ.

2. ಹೆಚ್ಚಿನ ಅಕ್ಕಿಯನ್ನು ಲಕ್ಕಮ್ಮ ಹಿಂದಕ್ಕೆ ಕಳಿಸಿದ್ದೇಕೆ? ಅದನ್ನೂ ದಾಸೋಹಕ್ಕೆ ಬಳಸಬಹುದಿತ್ತಲ್ಲವೇ?

3. ನಿಮ್ಮ ಓಣಿಯಲ್ಲಿ ಹಿಡಿ ಜೋಳದ ಗಡಿಗೆ ಎಷ್ಟು ಮನೆಗಳಲ್ಲಿ ಇಡಬಹುದು? ಅಕ್ಕನ ಬಳಗದವರು ಲೆಕ್ಕ ಮಾಡಿ ತಿಳಿಸಿರಿ.

4. ನಿಮ್ಮ ಕಾಯಕದ ಕೌಶಲದಲ್ಲಿ ಮಠದ ಮಕ್ಕಳಿಗೆ ಉಪಯೋಗವಾಗುವುದು ಯಾವುದು?

ಸದ್ಭಕ್ತರೇ, ಗೂಡಿನಲ್ಲಿಟ್ಟ ಪತ್ರವನ್ನು ಈ ಸೋಮವಾರ ಪೂಜೆಯಾದ ಮೇಲೆ ಕೆಳಗಿಳಿಸಿರಿ. ಮನೆಯವರೆಲ್ಲ ಕೂಡಿ ತುಂಬಿರಿ. ಬಸವ ಜಯಂತಿಯೊಳಗೆ ಅದು ನಮ್ಮ ಕೈ ಸೇರಲಿ. ಜೂನ್ ತಿಂಗಳಲ್ಲಿ ಇನ್ನೊಬ್ಬ ತಂದೆ ಮಗನ ಕೈ ಹಿಡಿದು ಬಂದೇ ಬರುತ್ತಾರೆ. ಆಗ ಖತಾವಣಿ ತೆರೆದು ನೋಡಿ ನಾವು ಏನು ಹೇಳಬೇಕೆಂಬುದು ನಿಮ್ಮ ಪತ್ರದಲ್ಲಿದೆ.

ಶರಣಾರ್ಥಿಗಳೊಂದಿಗೆ,
ಕಾರ್ಯದರ್ಶಿ, ಶ್ರೀಮಠ